ಖಾಲಿ ಟ್ರ್ಯಾಕ್‌ಗೆ ಬಾಡಿಗೆ: ದುಡ್ಡು ಕೊಟ್ಟು ಸ್ಪೋರ್ಟ್ಸ್ ಕಾರು ಓಡಿಸೋ ಕಥೆ

ಇವತ್ತಿನ ಸಂಚಿಕೆ ಒಂದು ಲೆಕ್ಕದಿಂದ ಶುರು ಮಾಡೋಣ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಯಾವ ಕಥೆ ಎತ್ತಿಕೊಂಡರೂ ಮೊದಲು ಕಣ್ಣಿಗೆ ಬೀಳೋದು ಖರ್ಚಿನ ಕಾಲಂ.

ನೀವೊಂದು ಕಲ್ಯಾಣ ಮಂಟಪದ ಮಾಲೀಕರು ಅಂದ್ಕೊಳ್ಳಿ. ಮುಹೂರ್ತ ಇರೋ ದಿನ ಜಾಗ ಸಿಗಲ್ಲ, ಕೇಳಿದ ಬಾಡಿಗೆ ಕೊಡ್ತಾರೆ. ಆದರೆ ಆಷಾಢ ಬಂತು ಅಂದ್ರೆ ಮಂಟಪ ಖಾಲಿ. ವಾಚ್‌ಮನ್ ಸಂಬಳ, ಕರೆಂಟ್ ಬಿಲ್ಲು, ಸಾಲದ ಬಡ್ಡಿ ಮಾತ್ರ ಆಷಾಢ ಅಂತ ನಿಲ್ಲಲ್ಲ. ಆಗ ಏನು ಮಾಡ್ತೀರಿ? ಸೀರೆ ಎಗ್ಸಿಬಿಷನ್‌ಗೆ ಬಾಡಿಗೆಗೆ ಕೊಡ್ತೀರಿ.

ರೇಸ್ ಟ್ರ್ಯಾಕ್ ಕೂಡ ಒಂದು ಕಲ್ಯಾಣ ಮಂಟಪವೇ. ದೊಡ್ಡ ರೇಸು ಅದರ ಮುಹೂರ್ತ. ವರ್ಷದಲ್ಲಿ ಅಂಥ ದಿನಗಳು ಕೆಲವೇ. ಉಳಿದ ದಿನ ಕಿಲೋಮೀಟರುಗಟ್ಟಲೆ ಟಾರು ಬಿಸಿಲಲ್ಲಿ ಸುಮ್ಮನೆ ಬಿದ್ದಿರುತ್ತೆ. ಆ ಖಾಲಿ ದಿನಗಳನ್ನು ನಿಮಗೂ ನನಗೂ ಮಾರೋದಕ್ಕೆ ಈಗ ಇರೋ ಹೆಸರು ಟ್ರ್ಯಾಕ್ ಡೇ, ಅಥವಾ ಡ್ರೈವಿಂಗ್ ಎಕ್ಸ್‌ಪೀರಿಯೆನ್ಸ್. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿ, ಪಕ್ಕದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ನ ಕೂರಿಸ್ಕೊಂಡು ಫೆರಾರಿಯನ್ನೋ ಪೋರ್ಷೆಯನ್ನೋ ನಾಲ್ಕೈದು ಸುತ್ತು ಓಡಿಸೋದು. ಇನ್‌ಸ್ಟಾದಲ್ಲಿ ರೀಲ್ ನೋಡಿರ್ತೀರಿ.

ಇದು ಮೊನ್ನೆ ಮೊನ್ನೆ ಹುಟ್ಟಿದ ಶೋಕಿ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಮೊದಲು ರೇಸ್ ಇತ್ತು, ಆಮೇಲೆ ದುಡ್ಡಿರೋರ ಆಟವಾಗಿ ಟ್ರ್ಯಾಕ್ ಡೇ ಬಂತು ಅನ್ನೋ ಲೆಕ್ಕ. ದಾಖಲೆ ನೋಡ್ತಾ ಹೋದರೆ ಕಥೆ ಬೇರೆನೇ ಇದೆ.

1907ನೇ ಇಸವಿಗೆ ಹೋಗೋಣ, ಇಂಗ್ಲೆಂಡಿಗೆ. ಆಗ ಅಲ್ಲಿನ ರಸ್ತೆಯಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 20 ಮೈಲಿ, ಅಂದ್ರೆ ಸುಮಾರು 32 ಕಿಲೋಮೀಟರು. ಪಕ್ಕದ ಫ್ರಾನ್ಸಿನಲ್ಲಿ ರಸ್ತೆಯಲ್ಲೇ ರೇಸ್ ನಡೀತಿದ್ರೆ, ಇಂಗ್ಲೆಂಡಿನ ಕಾರು ಕಂಪನಿಗಳಿಗೆ ತಮ್ಮ ಕಾರನ್ನ ಜೋರಾಗಿ ಓಡಿಸಿ ನೋಡೋಕೂ ಜಾಗ ಇರಲಿಲ್ಲ. ಹ್ಯೂ ಲಾಕ್ ಕಿಂಗ್ ಅನ್ನೋ ಸಿರಿವಂತ ಸರ್ರೆ ಕೌಂಟಿಯ ವೇಬ್ರಿಜ್ ಹತ್ತಿರ ತನ್ನ ಸ್ವಂತ ಜಮೀನಿನಲ್ಲಿ ಕಾಂಕ್ರೀಟಿನ ಒಂದು ದೊಡ್ಡ ಬಳೆ ಕಟ್ಟಿಸಿದ. ಹೆಸರು ಬ್ರೂಕ್‌ಲ್ಯಾಂಡ್ಸ್. ಉದ್ದ ಸುಮಾರು 4.4 ಕಿಲೋಮೀಟರು, ಅಗಲ 100 ಅಡಿ. ತಿರುವುಗಳನ್ನ ಬಾಣಲೆಯ ಅಂಚಿನ ಥರ ಮೇಲಕ್ಕೆ ಎತ್ತಿದ್ರು, ಹೆಚ್ಚುಕಮ್ಮಿ 30 ಅಡಿ ಎತ್ತರಕ್ಕೆ. ಮೋಟಾರು ವಾಹನಕ್ಕಾಗಿಯೇ ಕಟ್ಟಿದ ಪ್ರಪಂಚದ ಮೊದಲ ಟ್ರ್ಯಾಕ್ ಇದು ಅಂತಾರೆ.

ಖರ್ಚು ಆಗಿನ ಕಾಲದ ಸುಮಾರು 1,50,000 ಪೌಂಡು. ಪೂರ್ತಿ ಆತನ ಜೇಬಿನಿಂದ. ಆತ ಮುಳುಗೋ ಹಂತಕ್ಕೆ ಹೋದಾಗ ವ್ಯವಹಾರವನ್ನ ಹಿಡಿದು ನಿಲ್ಲಿಸಿದ್ದು ಹೆಂಡತಿ ಎಥೆಲ್. 1907ರ ಜೂನ್ 17ಕ್ಕೆ ಟ್ರ್ಯಾಕ್ ತೆರೆದಾಗ ಕಾರುಗಳ ಮೆರವಣಿಗೆಯನ್ನ ಮುಂದೆ ನಿಂತು ನಡೆಸಿದ್ದೂ ಆಕೆಯೇ, ಸ್ಟೀರಿಂಗ್ ಹಿಡಿದು.

ಹನ್ನೊಂದೇ ದಿನಕ್ಕೆ, ಜೂನ್ 28ರ ಸಂಜೆ, ಸೆಲ್ವಿನ್ ಎಡ್ಜ್ ಅನ್ನೋ ಕಾರು ವ್ಯಾಪಾರಿ ನೇಪಿಯರ್ ಕಾರನ್ನ 24 ಗಂಟೆ ತಾನೊಬ್ಬನೇ ಓಡಿಸಿದ. 1,581 ಮೈಲಿ. ಸರಾಸರಿ ವೇಗ ಗಂಟೆಗೆ 65.9 ಮೈಲಿ. ಬೇಲಿಯ ಆಚೆ 20 ಮೈಲಿ ದಾಟಿದ್ರೆ ಕೇಸು, ಬೇಲಿಯ ಈಚೆ ಅದರ ಮೂರು ಪಟ್ಟಿಗಿಂತ ಜಾಸ್ತಿ ವೇಗಕ್ಕೆ ಚಪ್ಪಾಳೆ.

ಟ್ರ್ಯಾಕ್ ಅನ್ನೋದರ ಮೂಲ ಒಪ್ಪಂದ ಅಲ್ಲೇ ಇದೆ. ಸಮಾಜ ರಸ್ತೆಯಿಂದ ವೇಗವನ್ನ ಹೊರಗೆ ಹಾಕುತ್ತೆ, ಯಾರೋ ಒಬ್ಬರು ಅದನ್ನ ಬೇಲಿಯೊಳಗೆ ಕಟ್ಟಿಹಾಕಿ ಟಿಕೆಟ್ ಇಟ್ಟು ಮಾರ್ತಾರೆ. ಟಿಕೆಟ್ ಬರೀ ನೋಡೋರಿಗಲ್ಲ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ರೇಸ್ ಇಲ್ಲದ ದಿನ ಶುಲ್ಕ ಕಟ್ಟಿ ನಿಮ್ಮದೇ ಕಾರನ್ನ ಒಳಗೆ ಓಡಿಸಬಹುದಿತ್ತು. ಅಂದ್ರೆ ಟ್ರ್ಯಾಕ್ ಡೇ ಅನ್ನೋದು ಹೆಚ್ಚುಕಮ್ಮಿ ಟ್ರ್ಯಾಕಿನ ಜೊತೆಗೇ ಹುಟ್ಟಿದ ಕೂಸು.

ಬೇಲಿ ಹಾಕಿದ ತಕ್ಷಣ ಎಲ್ಲ ಸರಿಹೋಯ್ತಾ? ಇಲ್ಲ. ಎಡ್ಜ್ ರಾತ್ರಿಯಿಡೀ ಓಡಿಸಿದ ಸದ್ದಿಗೆ ಸುತ್ತಲಿನ ಮನೆಯವರು ದೂರು ಕೊಟ್ಟರು. ರಾತ್ರಿ ಓಟ ಬಂದ್ ಆಯ್ತು. ಹಾಗಾಗಿ ಮುಂದೆ 24 ಗಂಟೆಯ ರೇಸ್ ಬೇಕು ಅಂದಾಗ ಹಗಲು 12 ಗಂಟೆ, ರಾತ್ರಿ ಕಾರುಗಳಿಗೆ ಬೀಗ, ಮಾರನೇ ದಿನ ಮತ್ತೆ 12 ಗಂಟೆ ಅಂತ ಎರಡು ತುಂಡು ಮಾಡಿ ನಡೆಸಬೇಕಾಯ್ತು. ಇವತ್ತಿಗೂ ಇಂಗ್ಲೆಂಡಿನ ಟ್ರ್ಯಾಕ್ ಡೇಗಳಲ್ಲಿ ಕಾರನ್ನ ಒಳಗೆ ಬಿಡೋ ಮುಂಚೆ ಸೈಲೆನ್ಸರ್ ಹತ್ತಿರ ಮೀಟರ್ ಹಿಡಿದು ಸದ್ದು ಅಳೀತಾರೆ. ಆ ಜಗಳ ನೂರು ವರ್ಷ ದಾಟಿದೆ.

ಸಾವೂ ಬೇಲಿಯೊಳಗೆ ಬಂತು. ಪರ್ಸಿ ಲ್ಯಾಂಬರ್ಟ್ ಅನ್ನೋ ಯುವಕ 1913ರ ಫೆಬ್ರವರಿಯಲ್ಲಿ ಇದೇ ಟ್ರ್ಯಾಕಿನಲ್ಲಿ ಒಂದು ಗಂಟೆಯೊಳಗೆ 100 ಮೈಲಿಗಿಂತ ಹೆಚ್ಚು ದೂರ ಕ್ರಮಿಸಿದ ಮೊದಲ ಮನುಷ್ಯನಾದ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಅದೇ ಟ್ರ್ಯಾಕಿನಲ್ಲಿ, ಟೈರ್ ಸಿಡಿದು ತೀರಿಕೊಂಡ. ಬೇಲಿ ದಾರಿಹೋಕರನ್ನ ಕಾಪಾಡುತ್ತೆ. ಒಳಗೆ ಇರೋನನ್ನ ಕಾಪಾಡೋಕೆ ಬೇಲಿ ಸಾಲದು.

ಈ ಮಾತು ಅರ್ಥ ಆಗಬೇಕು ಅಂದ್ರೆ ಜರ್ಮನಿಗೆ ಹೋಗಬೇಕು. ಐಫೆಲ್ ಅನ್ನೋ ಗುಡ್ಡಗಾಡು, ನಮ್ಮ ಮಲೆನಾಡಿನ ಥರ ಕಾಡು, ಮಂಜು, ಮಳೆ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಬಡತನ, ನಿರುದ್ಯೋಗ. ಜನರಿಗೆ ಕೆಲಸ ಕೊಡಬೇಕು ಅಂತ ಸರ್ಕಾರದ ದುಡ್ಡಿನಲ್ಲಿ 1925ರಲ್ಲಿ ಒಂದು ಕಾಮಗಾರಿ ಶುರು ಮಾಡಿದ್ರು. ಬರಗಾಲದಲ್ಲಿ ಕೆರೆ ತೋಡಿಸ್ತಾರಲ್ಲ, ಹಾಗೆ. ಇವರು ತೋಡಿಸಿದ್ದು ಕೆರೆಯಲ್ಲ, ಗುಡ್ಡ ಸುತ್ತೋ ಸುಮಾರು 28 ಕಿಲೋಮೀಟರಿನ ರೇಸ್ ಟ್ರ್ಯಾಕ್. ಹೆಸರು ನ್ಯೂರ್‌ಬರ್ಗ್‌ರಿಂಗ್. 1927ರ ಜೂನ್‌ನಲ್ಲಿ ತೆರೀತು. ಮೊದಲ ಕಾರ್ ರೇಸ್ ಗೆದ್ದಿದ್ದು ರುಡಾಲ್ಫ್ ಕರಾಚಿಯೋಲಾ, ಮರ್ಸಿಡಿಸ್ ಕಾರಿನಲ್ಲಿ.

ಇಲ್ಲೂ ಅದೇ ಲೆಕ್ಕ. ರೇಸ್ ಇಲ್ಲದ ದಿನ ಏನು ಮಾಡೋದು? ಶುರುವಿನಿಂದಲೇ ಸಾರ್ವಜನಿಕರಿಗೆ ಬಿಟ್ಟರು. ಟೋಲ್ ಕಟ್ಟಿ, ನಿಮ್ಮ ಗಾಡಿ ತನ್ನಿ, ಒಂದು ಸುತ್ತು ಹೋಗಿ ಬನ್ನಿ. ಆ ಪದ್ಧತಿ ಇವತ್ತಿಗೂ ಇದೆ. ಹಳೆಯ ಟ್ರ್ಯಾಕಿನ ಉತ್ತರ ಭಾಗ, ನಾರ್ಡ್‌ಶ್ಲೈಫೆ, ಈಗ ಸುಮಾರು 20.8 ಕಿಲೋಮೀಟರು. ಸಾರ್ವಜನಿಕರಿಗೆ ತೆರೆದಿರೋ ಹೊತ್ತಿನಲ್ಲಿ ಕಾನೂನಿನ ಪ್ರಕಾರ ಅದು ರೇಸ್ ಟ್ರ್ಯಾಕ್ ಅಲ್ಲ, ಒಂದು ಒನ್‌ವೇ ಟೋಲ್ ರಸ್ತೆ. ಜರ್ಮನಿಯ ರಸ್ತೆ ನಿಯಮಗಳೇ ಅಲ್ಲೂ ಅನ್ವಯ. ಒಬ್ಬರನ್ನ ಮುಂದೆ ಹಾಕಬೇಕು ಅಂದ್ರೆ ಎಡಗಡೆಯಿಂದಲೇ ಹೋಗಬೇಕು. ಟೈಮಿಂಗ್ ಹಾಕಿಕೊಂಡು ಓಡಿಸೋ ಹಾಗಿಲ್ಲ. ಗಾರ್ಡ್‌ರೈಲಿಗೆ ಗುದ್ದಿದ್ರೆ ಅದರ ರಿಪೇರಿ ಬಿಲ್ಲು ನಿಮ್ಮ ತಲೆಗೆ. ಪ್ರಪಂಚದಲ್ಲೇ ಹೆಸರುವಾಸಿ ರೇಸ್ ಟ್ರ್ಯಾಕ್, ಆದರೆ ದುಡ್ಡು ಕೊಟ್ಟ ಗಿರಾಕಿ ಮಾತ್ರ ರೇಸ್ ಮಾಡೋ ಹಾಗಿಲ್ಲ!

ಈಗ 1976ರ ಆಗಸ್ಟ್ 1. ಜರ್ಮನ್ ಗ್ರ್ಯಾಂಡ್ ಪ್ರಿ. ವಿಶ್ವ ಚಾಂಪಿಯನ್ ನಿಕಿ ಲೌಡಾ ರೇಸಿಗೆ ಮೊದಲೇ ಹೇಳಿದ್ದ, ಈ ಟ್ರ್ಯಾಕ್ ಅಪಾಯ, ಇಷ್ಟು ಉದ್ದದ ದಾರಿಗೆ ಬೆಂಕಿ ಆರಿಸೋರು, ವೈದ್ಯರು ಸಾಲಲ್ಲ, ಓಡಿಸೋದು ಬೇಡ ಅಂತ. ಚಾಲಕರ ವೋಟಿನಲ್ಲಿ ಅವನ ಮಾತು ಸೋತಿತು. ಎರಡನೇ ಸುತ್ತಿನಲ್ಲಿ ಅವನದೇ ಫೆರಾರಿ ಗುದ್ದಿ ಹೊತ್ತಿಕೊಳ್ತು. ಅವನನ್ನ ಬೆಂಕಿಯಿಂದ ಎಳೆದದ್ದು ಹಿಂದೆ ಬರ್ತಿದ್ದ ಬೇರೆ ಚಾಲಕರು. ಸುಟ್ಟ ಮುಖದಲ್ಲೇ ಆರು ವಾರಕ್ಕೆ ಮತ್ತೆ ರೇಸಿಗೆ ಬಂದ, ಅದು ಎಲ್ಲರಿಗೂ ಗೊತ್ತಿರೋ ಕಥೆ. ನನ್ನನ್ನ ಕಾಡೋದು ಅದರ ನಂತರದ ಸಾಲು. ಫಾರ್ಮುಲಾ ಒನ್ ಮತ್ತೆ ಯಾವತ್ತೂ ನಾರ್ಡ್‌ಶ್ಲೈಫೆಯಲ್ಲಿ ಓಡಲಿಲ್ಲ. ಪ್ರಪಂಚದ ಅತ್ಯುತ್ತಮ ಚಾಲಕರಿಗೇ ಅಪಾಯ ಅಂತ ಬಿಟ್ಟ ಆ ದಾರಿ, ಟೋಲ್ ಕಟ್ಟೋ ನಮ್ಮಂಥವರಿಗೆ ತೆರೆದೇ ಉಳೀತು.

ಇದನ್ನ ಕೇಳಿ ಮೋಸ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಎರಡೂ ಬೇರೆ ಬೇರೆ ಸರಕು. ರೇಸಿನಲ್ಲಿ ಮಾರೋದು ಗೆಲುವು. ಗೆಲ್ಲಬೇಕು ಅಂದ್ರೆ ಅಂಚಿಗೆ ಹೋಗಲೇಬೇಕು. ಟ್ರ್ಯಾಕ್ ಡೇಯಲ್ಲಿ ಗೆಲ್ಲೋಕೆ ಯಾರೂ ಇಲ್ಲ, ಕಪ್ಪು ಇಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ. ಆ ನಿರ್ಧಾರ ಮಾಡೋಕೆ ಬರದೇ ಇರೋರಿಗೆ ಯಾವ ಬೇಲಿಯೂ ಸಾಲಲ್ಲ.

ಹಾಗಾದ್ರೆ ಆ ನಿರ್ಧಾರ ಕಲಿಸೋರು ಯಾರು? ಇಲ್ಲಿ ಕಥೆ ಮತ್ತೆ ಇಂಗ್ಲೆಂಡಿಗೆ ತಿರುಗುತ್ತೆ. ಎರಡನೇ ಮಹಾಯುದ್ಧದಲ್ಲಿ ಬ್ರೂಕ್‌ಲ್ಯಾಂಡ್ಸ್ ವಿಮಾನ ಕಾರ್ಖಾನೆಗಳ ಪಾಲಾಯ್ತು, 1939ರ ನಂತರ ಅಲ್ಲಿ ರೇಸೇ ಇಲ್ಲ. ಆದರೆ ಯುದ್ಧ ಮುಗಿದಾಗ ದೇಶದ ತುಂಬ ಖಾಲಿ ವಾಯುನೆಲೆಗಳು ಉಳಿದಿದ್ವು. ಚಪ್ಪಟೆ ನೆಲ, ಕಾಂಕ್ರೀಟ್ ರನ್‌ವೇ, ಸುತ್ತ ಒಂದು ರಸ್ತೆ, ಊರಿನಿಂದ ದೂರ. ಟ್ರ್ಯಾಕ್ ಮಾಡೋಕೆ ಇನ್ನೇನು ಬೇಕು? ಗುಡ್‌ವುಡ್, ಸಿಲ್ವರ್‌ಸ್ಟೋನ್ ಎರಡೂ 1948ರಲ್ಲಿ ಹೀಗೇ ಶುರುವಾದವು. ಸ್ನೆಟರ್ಟನ್ ಅನ್ನೋ ಇನ್ನೊಂದು ಹಳೆ ವಾಯುನೆಲೆಯಲ್ಲಿ 1950ರ ದಶಕದ ಕೊನೆಭಾಗದಲ್ಲಿ ಜಿಮ್ ರಸೆಲ್ ಅನ್ನೋ ಚಾಲಕ ರೇಸಿಂಗ್ ಶಾಲೆ ನಡೆಸಿದ. ಕಾರು ಶಾಲೆಯದು, ಪಾಠ ಶಾಲೆಯದು, ನೀವು ಫೀಸು ಕಟ್ಟಿ. ಬ್ರೆಜಿಲ್‌ನಿಂದ ಬಂದು ಈ ಶಾಲೆಯಲ್ಲಿ ಕಲಿತ ಎಮರ್ಸನ್ ಫಿಟ್ಟಿಪಾಲ್ಡಿ 1972ರಲ್ಲಿ ವಿಶ್ವ ಚಾಂಪಿಯನ್ ಆದ.

ಇವತ್ತಿನ ಎಕ್ಸ್‌ಪೀರಿಯೆನ್ಸ್ ದಿನದ ಅಸ್ಥಿಪಂಜರ ಇದೇ ಶಾಲೆಗಳದ್ದು. ಮೊದಲು ಬ್ರೀಫಿಂಗ್, ಬಾವುಟಗಳ ಅರ್ಥ, ಆಮೇಲೆ ನಿಧಾನಕ್ಕೆ ಒಂದು ಸುತ್ತು. ತಿರುವಿನ ಹತ್ತಿರ ಮೂರು ಕೋನ್ ಇಟ್ಟಿರ್ತಾರೆ. ಒಂದು, ಇಲ್ಲಿ ಬ್ರೇಕ್ ಒತ್ತು. ಎರಡು, ಇಲ್ಲಿ ಸ್ಟೀರಿಂಗ್ ತಿರುಗಿಸು. ಮೂರು, ತಿರುವಿನ ಒಳ ಅಂಚನ್ನ ಇಲ್ಲಿ ಮುಟ್ಟು. ಪಾಠ ಅಷ್ಟೇ.

ಯಾಕೆ ಬ್ರೇಕಿಗೆ ಇಷ್ಟು ಮರ್ಯಾದೆ? ವೇಗ ಎರಡು ಪಟ್ಟಾದ್ರೆ ಕಾರಿನಲ್ಲಿರೋ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತೆ. 60ರಲ್ಲಿ ಬ್ರೇಕ್ ಒತ್ತಿ ನಿಲ್ಲೋಕೆ ಎಷ್ಟು ದೂರ ಬೇಕೋ, 120ರಲ್ಲಿ ಅದರ ಸುಮಾರು ನಾಲ್ಕರಷ್ಟು ಬೇಕು. ಇನ್ನು ಟೈರಿನ ಹಿಡಿತ ಅನ್ನೋದು ತಿಂಗಳ ಸಂಬಳ ಇದ್ದಹಾಗೆ. ಇರೋದು ಇಷ್ಟೇ. ಅದರಲ್ಲೇ ಬ್ರೇಕ್ ಒಂದು ಪಾಲು ಕೇಳುತ್ತೆ, ತಿರುವು ಒಂದು ಪಾಲು ಕೇಳುತ್ತೆ. ಪೂರ್ತಿ ಸಂಬಳ ಬ್ರೇಕಿಗೇ ಕೊಟ್ಟು ಆಮೇಲೆ ಸ್ಟೀರಿಂಗ್ ತಿರುಗಿಸಿದ್ರೆ ಕಾರು ಕೇಳಲ್ಲ, ನೇರ ಹೋಗುತ್ತೆ. ಅದಕ್ಕೇ ನೆಟ್ಟಗಿರೋ ದಾರಿಯಲ್ಲೇ ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ ಅನ್ನೋದು.

ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾನೆ. ಚೆನ್ನೈ ಕಡೆ ಒಂದು ಟ್ರ್ಯಾಕ್ ಡೇಗೆ ಹೋಗಿ ಬಂದ. ಟಾಪ್ ಸ್ಪೀಡ್ ಎಷ್ಟು ಮುಟ್ಟಿದೆ ಅಂತ ಎಲ್ಲರೂ ಕೇಳಿದ್ವಿ. ಅವನು ಅದನ್ನ ಬಿಟ್ಟು, ಇಷ್ಟು ವರ್ಷ ನಾನು ಬ್ರೇಕನ್ನ ಪೂರ್ತಿ ಒತ್ತೇ ಇರಲಿಲ್ಲ ಕಣೋ ಅಂದ. ಇನ್‌ಸ್ಟ್ರಕ್ಟರ್ ಬೈದ ಮೇಲೆ ಮೊದಲ ಸಲ ಕಾಲಿಟ್ಟು ಜೋರಾಗಿ ಒತ್ತಿದನಂತೆ. ಹೆದ್ದಾರಿಯಲ್ಲಿ ಮುಂದಿನ ಲಾರಿಗೂ ತನಗೂ ಎಷ್ಟು ಜಾಗ ಬಿಡಬೇಕು ಅನ್ನೋದು ಆಗ ಗೊತ್ತಾಯ್ತು ಅಂದ. ಇಷ್ಟು ಕಲಿಯೋಕೆ ಅವನು ಕೊಟ್ಟಿದ್ದು ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು.

ಆ ದುಡ್ಡಿನ ವಿಷಯಕ್ಕೆ ಬರೋಣ. ಪಾಠವಾಗಿದ್ದದ್ದು ಗಿಫ್ಟ್ ಆಗಿದ್ದು ಇತ್ತೀಚೆಗೆ. 1989ರಲ್ಲಿ ಇಂಗ್ಲೆಂಡಿನಲ್ಲಿ ರೇಚಲ್ ಎಲ್ನಾ ಅನ್ನೋ ಯುವತಿ ರೆಡ್ ಲೆಟರ್ ಡೇಸ್ ಅಂತ ಕಂಪನಿ ಶುರು ಮಾಡಿದ್ಲು. ಹುಟ್ಟುಹಬ್ಬಕ್ಕೆ ವಸ್ತು ಬೇಡ, ಒಂದು ದಿನದ ಅನುಭವ ಕೊಡಿ, ವೋಚರ್ ರೂಪದಲ್ಲಿ. ಸ್ಪೋರ್ಟ್ಸ್ ಕಾರು ಓಡಿಸೋದು ಅಂಥ ವೋಚರುಗಳಲ್ಲಿ ಒಂದು. ಕಾಮರ್ಸ್ ಓದಿದವರಿಗೆ ಇದರ ಸೊಗಸು ಗೊತ್ತಾಗುತ್ತೆ. ದುಡ್ಡು ಇವತ್ತು ಬರುತ್ತೆ, ಸೇವೆ ಮುಂದೆ ಯಾವತ್ತೋ. ಕೆಲವರು ವೋಚರ್ ಬಳಸೋದೇ ಇಲ್ಲ. ಅಕೌಂಟಿಂಗ್‌ನಲ್ಲಿ ಅದಕ್ಕೆ ಬ್ರೇಕೇಜ್ ಅಂತ ಹೆಸರೇ ಇದೆ. ಆದರೆ ಮುಂಗಡ ಬಂದ ದುಡ್ಡು ನಮ್ಮದಲ್ಲ, ಸಾಲ. 2005ರಲ್ಲಿ ಆ ಕಂಪನಿ ಕುಸಿದು ಬೇರೆಯವರ ಕೈಗೆ ಹೋಯ್ತು.

ಇನ್ನೊಂದು ಕಡೆ ಜೊನಾಥನ್ ಪಾಮರ್. ಓದಿದ್ದು ವೈದ್ಯಕೀಯ, ಓಡಿಸಿದ್ದು ಫಾರ್ಮುಲಾ ಒನ್. ಆತ 1999ರಲ್ಲಿ ಬೆಡ್‌ಫರ್ಡ್ ಹತ್ತಿರ, ಮತ್ತೆ ಒಂದು ಹಳೆ ವಾಯುನೆಲೆಯಲ್ಲಿ, ಹೊಸ ಟ್ರ್ಯಾಕ್ ತೆರೆದ. ಅಲ್ಲಿ ಗ್ಯಾಲರಿ ಇಲ್ಲ, ಪ್ರೇಕ್ಷಕರಿಗೆ ಜಾಗವೇ ಇಲ್ಲ. ಅಲ್ಲಿಗೆ ಬರೋರೆಲ್ಲ ಓಡಿಸೋಕೇ ಬರೋರು. ಮುಹೂರ್ತವನ್ನೇ ನಂಬದೆ, ವರ್ಷಪೂರ್ತಿ ಎಗ್ಸಿಬಿಷನ್‌ಗೇ ಅಂತ ಕಟ್ಟಿದ ಮಂಟಪ. ಅದು ಇವತ್ತಿಗೂ ನಡೀತಿದೆ.

ಇದರ ತದ್ವಿರುದ್ಧ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಆಯ್ತು. 2009ರಲ್ಲಿ ಅಲ್ಲಿ ಕೋಟ್ಯಂತರ ಯೂರೋ ಸರ್ಕಾರಿ ದುಡ್ಡು ಸುರಿದು ಹೋಟೆಲು, ಮಾಲು, ರೋಲರ್ ಕೋಸ್ಟರ್ ಎಲ್ಲ ಕಟ್ಟಿದ್ರು. 2012ರಲ್ಲಿ ದಿವಾಳಿ. ಆ ರೋಲರ್ ಕೋಸ್ಟರ್ 2013ರಲ್ಲಿ ಕೆಲವೇ ದಿನ ಓಡಿ ನಿಂತೋಯ್ತು. ಟೋಲ್ ಕಟ್ಟಿ ಓಡಿಸೋ ಹಳೆ ದಾರಿಗೆ ಮಾತ್ರ ಗಿರಾಕಿ ತಪ್ಪಲಿಲ್ಲ. ಜನಕ್ಕೆ ಸೀಟಿನಲ್ಲಿ ಕೂತು ಕಿರುಚೋದು ಬೇಕಿರಲಿಲ್ಲ, ಸ್ಟೀರಿಂಗ್ ಬೇಕಿತ್ತು.

ನಮ್ಮ ದೇಶದಲ್ಲೂ ಕಥೆ ವಾಯುನೆಲೆಯಿಂದಲೇ ಶುರು. ಮದ್ರಾಸಿನ ಹತ್ತಿರ ಶೋಳಾವರಂನಲ್ಲಿ ಎರಡನೇ ಮಹಾಯುದ್ಧದ ರನ್‌ವೇ ಇತ್ತು. ಅಲ್ಲಿ ದಶಕಗಳ ಕಾಲ ರೇಸ್ ನಡೀತು. 1990ರಲ್ಲಿ ಶ್ರೀಪೆರಂಬುದೂರ್ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಖಾಯಂ ಟ್ರ್ಯಾಕ್ ಬಂತು, ಸರಿಯಾಗಿ ಬೆಂಗಳೂರು-ಚೆನ್ನೈ ಹೆದ್ದಾರಿ ಪಕ್ಕದಲ್ಲೇ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನ ಸುತ್ತ ಗೋ-ಕಾರ್ಟ್ ಟ್ರ್ಯಾಕುಗಳಿವೆ, ಆದರೆ ದೊಡ್ಡ ಕಾರನ್ನ ಪೂರ್ತಿ ಓಡಿಸಬೇಕು ಅನ್ನೋ ಇಲ್ಲಿನ ಹುಡುಗ ಹುಡುಗಿಯರು ಹಿಡಿಯೋದು ತಮಿಳುನಾಡಿನ ದಾರಿಯನ್ನೇ.

ದೆಹಲಿ ಹತ್ತಿರದ ಬುದ್ಧ್ ಸರ್ಕ್ಯೂಟ್‌ನದ್ದು ಬೇರೆ ಪಾಠ. 5.125 ಕಿಲೋಮೀಟರು, 2011ರ ಅಕ್ಟೋಬರ್ 30ಕ್ಕೆ ಮೊದಲ ಫಾರ್ಮುಲಾ ಒನ್. ಮೂರೇ ವರ್ಷ, ಮೂರೇ ರೇಸ್, ಮೂರೂ ಗೆದ್ದಿದ್ದು ಸೆಬಾಸ್ಟಿಯನ್ ವೆಟ್ಟೆಲ್. ಆಮೇಲೆ ತೆರಿಗೆ ಜಗಳ. ವರ್ಷಕ್ಕೆ ಮೂರು ದಿನದ ರೇಸಿಗೆ ಬಂದು ಹೋಗೋ ವಿದೇಶಿ ಕಂಪನಿಗೆ ಈ ಟ್ರ್ಯಾಕ್ ಖಾಯಂ ವ್ಯಾಪಾರದ ಜಾಗ ಆಗುತ್ತಾ ಅನ್ನೋದು ಪ್ರಶ್ನೆ. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಗುತ್ತೆ ಅಂತು. ಟ್ರ್ಯಾಕ್ ಕಟ್ಟಿದ ಜೇಪೀ ಗುಂಪಿನ ಮುಖ್ಯ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಫಾರ್ಮುಲಾ ಒನ್ ಹೋದ ಮೇಲೆ ಆ ಟ್ರ್ಯಾಕಿಗೆ ಕೆಲಸ ಕೊಟ್ಟಿದ್ದರಲ್ಲಿ ಕಾರು ಕಂಪನಿಗಳ ಟೆಸ್ಟ್ ಡ್ರೈವುಗಳು, ಟ್ರ್ಯಾಕ್ ಡೇಗಳೂ ಸೇರಿವೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಇದನ್ನ ಕೇಳ್ತಿರೋ ನಿಮ್ಮಲ್ಲಿ ಕೆಲವರಾದ್ರೂ ರಾತ್ರಿ ಏರ್‌ಪೋರ್ಟ್ ರೋಡಿನಲ್ಲೋ ನಂದಿ ಬೆಟ್ಟದ ದಾರಿಯಲ್ಲೋ ಗಾಡಿ ಎಷ್ಟು ಹೋಗುತ್ತೆ ಅಂತ ನೋಡಿರ್ತೀರಿ. ಅಲ್ಲಿ ಬೇಲಿ ಇಲ್ಲ, ಕೋನ್ ಇಲ್ಲ, ಎದುರಿಗೆ ಹಾಲಿನ ವ್ಯಾನ್ ಬರಬಹುದು. ರಸ್ತೆಯಲ್ಲಿ ರೇಸ್ ಮಾಡೋದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಟ್ರ್ಯಾಕಿಗೆ ಹೋಗೋರೂ ಒಂದು ನೆನಪಿಡಿ. ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಸಂಘಟಿತ ರೇಸು, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ ಅಂತ ಬರೆದಿರುತ್ತೆ. ಸ್ವಂತ ಕಾರು ಒಯ್ಯೋ ಮುಂಚೆ ಪಾಲಿಸಿ ಓದಿ. ಗೇಟಿನಲ್ಲಿ ಸಹಿ ಹಾಕಿಸ್ಕೊಳ್ಳೋ ಹಾಳೆಯನ್ನೂ ಓದಿ, ಏನಾದ್ರೂ ಆದ್ರೆ ಹೊಣೆ ಯಾರದ್ದು ಅನ್ನೋದು ಅದರಲ್ಲೇ ಇರುತ್ತೆ.

1907ರಲ್ಲಿ ಇಂಗ್ಲೆಂಡಿಗೆ ಇದ್ದ ಸಮಸ್ಯೆಯೇ ಇವತ್ತು ನಮ್ಮದು. ವೇಗದ ಆಸೆ ಕಾನೂನಿನಿಂದ ಹೋಗಲ್ಲ, ಅದಕ್ಕೊಂದು ಜಾಗ ಬೇಕು. ಜಾಗ ಇದೆ, ಆದರೆ ದೂರ, ಮತ್ತು ದುಬಾರಿ. ಒಂದು ತಿಂಗಳ ಬಾಡಿಗೆ ಕೊಡೋಕೆ ಆಗೋನು ಬೇಲಿಯೊಳಗೆ ಬ್ರೇಕ್ ಒತ್ತೋದು ಕಲೀತಾನೆ. ಆಗದೇ ಇರೋನು ರಸ್ತೆಯಲ್ಲಿ, ನಮ್ಮ ನಿಮ್ಮ ಮನೆಯವರು ಓಡಾಡೋ ರಸ್ತೆಯಲ್ಲಿ ಕಲೀತಾನೆ. ಟ್ರ್ಯಾಕಿನ ಖಾಲಿ ದಿನಗಳಲ್ಲಿ ಒಂದಷ್ಟನ್ನ ಕಾಲೇಜು ಹುಡುಗರಿಗೆ, ಡೆಲಿವರಿ ಹುಡುಗರಿಗೆ, ಕ್ಯಾಬ್ ಓಡಿಸೋರಿಗೆ ಕಡಿಮೆ ಬೆಲೆಗೆ ಕೊಡೋಕೆ ಆಗಲ್ವಾ? ಫೆರಾರಿ ಬೇಡ, ಅವರವರ ಗಾಡಿಯೇ ಸಾಕು. ಹೇಗಿದ್ದರೂ ಮಂಟಪ ಖಾಲಿ ಇರುತ್ತೆ, ವಾಚ್‌ಮನ್ ಸಂಬಳ ಹೋಗ್ತಾನೇ ಇರುತ್ತೆ.

ನಿಮಗೇನು ಅನ್ನಿಸುತ್ತೆ, ವಾಯ್ಸ್ ನೋಟ್ ಕಳಿಸಿ. ಗಾಡಿ ಓಡಿಸ್ತಾ ಕಳಿಸಬೇಡಿ, ನಿಲ್ಲಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.